ಮೋಟಾರ್ ಆಫ್ ಆದಾಗ ಬೋರ್ಡ್ ರೀಸೆಟ್ ಆಗುತ್ತಿದ್ದರೆ, ಮೊದಲು ಕಂಪ್ಯೂಟರ್‌ನಲ್ಲಿ ನೋಡಿ

ಚಿಂತಾಮಣಿಯ ಅಣ್ಣ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಬೋರ್‌ವೆಲ್ ಮೋಟಾರ್ ಆನ್-ಆಫ್ ಮಾಡಲು ನೀವು ಮಾಡಿದ ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್) ಬೋರ್ಡ್ ಮನೆಯ ಟೇಬಲ್ ಮೇಲೆ ಚೆನ್ನಾಗಿ ನಡೆಯುತ್ತದೆ. ಬೋರ್‌ವೆಲ್ ಸ್ಟಾರ್ಟರ್ ಡಬ್ಬದಲ್ಲಿ ಕೂರಿಸಿದರೆ ಮೋಟಾರ್ ಆಫ್ ಆದ ಕ್ಷಣವೇ ರೀಸೆಟ್ ಆಗುತ್ತದೆ. ಈಗ ಮೂರನೇ ಬೋರ್ಡ್ ಮಾಡಿಸಲು ಹೊರಟಿದ್ದೀರಿ. ದಯವಿಟ್ಟು ಒಂದು ವಾರ ತಡೆಯಿರಿ.

ಆನ್ ಆದಾಗ ಅಲ್ಲ, ಆಫ್ ಆದಾಗ ಅಂತ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ನನಗೆ ಅನುಮಾನ ಕಾಂಟ್ಯಾಕ್ಟರ್ ಕಾಯಿಲ್ ಮೇಲೆ. ಕಾಂಟ್ಯಾಕ್ಟರ್ ಅಂದರೆ ಸ್ಟಾರ್ಟರ್ ಒಳಗೆ ಮೋಟಾರ್‌ಗೆ ಕರೆಂಟು ಕೊಡುವ ದೊಡ್ಡ ಸ್ವಿಚ್, ಅದನ್ನು ಎಳೆದು ಹಿಡಿಯುವ ವೈರಿನ ಸುರುಳಿಯೇ ಕಾಯಿಲ್. ನಿಮ್ಮ ಬೋರ್ಡಿನ ರಿಲೇ ಆ ಕಾಯಿಲ್‌ನ ಕರೆಂಟನ್ನು ಕೊಟ್ಟು ಕಡಿಯುತ್ತದೆ. ಎಲ್‌ಟಿಸ್ಪೈಸ್ ಅಂತ ಸರ್ಕ್ಯೂಟನ್ನು ಕಂಪ್ಯೂಟರ್‌ನಲ್ಲೇ ನಡೆಸಿ ನೋಡುವ ಒಂದು ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ. ಅದರಲ್ಲಿ ಕಾಯಿಲನ್ನು ಬರೆದು ನೋಡಿ. 415 ವೋಲ್ಟ್‌ನ, ಹಿಡಿದಿಟ್ಟಾಗ 10 ವಿಎ (ವೋಲ್ಟ್-ಆಂಪ್) ತೆಗೆದುಕೊಳ್ಳುವ ಕಾಯಿಲ್ ಅಂದುಕೊಳ್ಳಿ. ಕರೆಂಟು ಸುಮಾರು 24 ಮಿಲಿಆಂಪ್, ಪೀಕ್‌ನಲ್ಲಿ 34. ಇಂಡಕ್ಟೆನ್ಸ್ ಸುಮಾರು 50 ಹೆನ್ರಿ. ವೈರಿನ ರೆಸಿಸ್ಟೆನ್ಸ್ ಎಷ್ಟು ಅಂತ ಮೇನ್ಸ್ ತೆಗೆದು ಮಲ್ಟಿಮೀಟರ್‌ನಲ್ಲಿ ಅಳೆದು ಹಾಕಿ. ಕಾಯಿಲ್‌ಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪಾಸಿಟರ್ ಇಟ್ಟು, ಪೀಕ್ ಕರೆಂಟಿನಲ್ಲಿ ಸ್ವಿಚ್ ತೆರೆಯಿರಿ, ಅಂದರೆ ಆಫ್ ಮಾಡಿ. ಲೆಕ್ಕದಲ್ಲಿ 20 ಸಾವಿರ ವೋಲ್ಟ್ ದಾಟುತ್ತದೆ! ನಿಜದಲ್ಲಿ ಅಷ್ಟು ಏರುವ ಮೊದಲೇ ರಿಲೇ ಕಾಂಟ್ಯಾಕ್ಟ್ ನಡುವೆ ಕಿಡಿ ಹಾರುತ್ತದೆ. ಆರುತ್ತದೆ, ಮತ್ತೆ ಹಾರುತ್ತದೆ. ಒಂದರ ಹಿಂದೆ ಒಂದು ಬರುವ ಆ ಕಿಡಿಗಳೇ ನಿಮ್ಮ ಬೋರ್ಡನ್ನು ಬೀಳಿಸುತ್ತಿರುವುದು.

ಈಗ ಅದೇ ಚಿತ್ರದಲ್ಲಿ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ. 800 ವೋಲ್ಟ್ ಒಳಗೇ ನಿಲ್ಲುತ್ತದೆ, ಏರುವುದೂ ನಿಧಾನ. ಇದನ್ನೇ ಸ್ನಬ್ಬರ್ ಅನ್ನುವುದು. ಇಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಆ ಸ್ನಬ್ಬರ್ ಅನ್ನು ಕಾಯಿಲ್ ಬಿಟ್ಟು ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಇಟ್ಟು ನೋಡಿ. ರಿಲೇ ತೆರೆದಿದ್ದರೂ ಕೆಪಾಸಿಟರ್ ಮೂಲಕ ಹತ್ತಾರು ಮಿಲಿಆಂಪ್ ಕಾಯಿಲ್‌ಗೆ ಹರಿಯುತ್ತಲೇ ಇರುತ್ತದೆ. ಹಿಡಿದಿಡಲು ಬೇಕಿದ್ದದ್ದೇ 24. ಅಂದರೆ ಮೋಟಾರ್ ಆಫ್ ಆಗದೇ ಹೋಗಬಹುದು. ಬೋರ್ ಒಣಗಿದಾಗ ಮೋಟಾರ್ ನಿಲ್ಲದಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಕೊಡುವ 275 ವೋಲ್ಟ್ ಎಕ್ಸ್2 (ಮೇನ್ಸ್‌ಗೆಂದೇ ಮಾಡಿದ) ಕೆಪಾಸಿಟರ್ 415ಕ್ಕೆ ಸಾಲುವುದಿಲ್ಲ. ಕಾಯಿಲ್ ವೋಲ್ಟೇಜ್ ಹೇಳಿ ಅದಕ್ಕೆ ತಕ್ಕ ರೆಡಿಮೇಡ್ ಸ್ನಬ್ಬರ್ ತನ್ನಿ.

ಎರಡನೆಯದು ಬೋರ್ಡಿನ ಡಿಸೈನ್. ನೀವು ಬೋರ್ಡ್ ಬರೆಯಲು ಕಿಕ್ಯಾಡ್ ಸಾಫ್ಟ್‌ವೇರ್ ಬಳಸುತ್ತೀರಿ, ಒಳ್ಳೆಯದು. ಮಾಲೂರು ಹತ್ತಿರದ ನಮ್ಮ ಟೊಮೆಟೊ ತೋಟಕ್ಕೆ ಮಾಡಿದ ಮೊದಲ ಬೋರ್ಡ್‌ನಲ್ಲಿ ನನಗೂ ಇದೇ ಕಾಟ ಇತ್ತು. ಹನ್ನೊಂದು ದಿನ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಒಂದು ರಾತ್ರಿ ಕಿಕ್ಯಾಡ್‌ನಲ್ಲಿ ಮೇಲಿನ ಪದರ ಮರೆಮಾಡಿ, ಗ್ರೌಂಡ್ ನೆಟ್ (ಕರೆಂಟು ವಾಪಸ್ ಬರುವ ತಾಮ್ರದ ಹಾಳೆ) ಒಂದನ್ನೇ ಹೈಲೈಟ್ ಮಾಡಿದೆ. ಬದು ಕಡಿದ ಹಾಗೆ ರಿಲೇಯ ಒಂದು ಟ್ರ್ಯಾಕ್ (ತಾಮ್ರದ ಗೆರೆ) ಆ ಹಾಳೆಯನ್ನು ಅರ್ಧಕ್ಕೆ ಸೀಳಿತ್ತು. ಹೋದ ಕರೆಂಟು ವಾಪಸ್ ಬರಲೇಬೇಕು ಅಲ್ವಾ? ಹೈ ಫ್ರೀಕ್ವೆನ್ಸಿಯಲ್ಲಿ ಅದು ಹೋದ ಟ್ರ್ಯಾಕಿನ ಅಡಿಯಲ್ಲೇ ಬರಲು ನೋಡುತ್ತದೆ. ಅಲ್ಲಿ ದಾರಿ ಕಡಿದಿದ್ದರಿಂದ ಬೋರ್ಡ್ ಅಂಚು ಸುತ್ತಿ, ರೀಸೆಟ್ ಪಿನ್ ಪಕ್ಕದಿಂದ ಬರುತ್ತಿತ್ತು. ಆ ಟ್ರ್ಯಾಕನ್ನು ಮೇಲಿನ ಪದರಕ್ಕೆ ತಂದೆ, ಗ್ರೌಂಡ್ ಒಂದೇ ಹಾಳೆಯಾಯಿತು.

ತೆಳು ಟ್ರ್ಯಾಕ್‌ಗೆ ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಅಂತ ಇಟ್ಟುಕೊಳ್ಳಿ. 5 ಸೆಂಟಿಮೀಟರ್ ಗ್ರೌಂಡ್ ಟ್ರ್ಯಾಕ್‌ನಲ್ಲಿ 10 ನ್ಯಾನೋಸೆಕೆಂಡಿಗೆ 1 ಆಂಪ್ ಬದಲಾದರೆ 5 ವೋಲ್ಟ್ ಹುಟ್ಟುತ್ತದೆ. ನಿಮ್ಮ ಚಿಪ್ ನಡೆಯುವುದೇ 3.3ರಲ್ಲಿ. ರೀಸೆಟ್ ಪಿನ್‌ಗೆ 10 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಚಿಪ್ ಹತ್ತಿರವೇ ಇಡಿ. ಕಿಕ್ಯಾಡ್‌ನ ಡಿಆರ್‌ಸಿ (ಡಿಸೈನ್ ನಿಯಮಗಳ ತಪಾಸಣೆ) ಪಾಸಾಯಿತು ಅಂತ ಸಮಾಧಾನ ಪಡಬೇಡಿ. ಅದು ಟ್ರ್ಯಾಕ್‌ಗಳ ಅಂತರದಂಥ ನಿಯಮಗಳನ್ನು ನೋಡುತ್ತದೆ, ವಾಪಸ್ ದಾರಿಯನ್ನು ಕಣ್ಣಿನಿಂದಲೇ ನೋಡಬೇಕು. ಬೋರ್ಡಿನ ವಿದ್ಯುತ್ಕಾಂತ ಕ್ಷೇತ್ರವನ್ನೇ ಲೆಕ್ಕ ಹಾಕುವ ಓಪನ್‌ಇಎಂಎಸ್‌ನಂಥ ಸಾಫ್ಟ್‌ವೇರ್ ಉಚಿತವಾಗಿದ್ದರೂ ಎರಡು ಪದರದ ಈ ಬೋರ್ಡಿಗೆ ಅಷ್ಟು ಕಷ್ಟ ಬೇಡ ಅಂತ ನನ್ನ ಅಭಿಪ್ರಾಯ.

ಪವರ್ ಸಪ್ಲೈಗೆ ಎಲ್‌ಎಂ2596 ಅನ್ನುವ, ವೋಲ್ಟೇಜ್ ಇಳಿಸುವ ಮಾಡ್ಯೂಲ್ ಹಾಕಿದ್ದೀರಿ. ಅದು 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ. ಅದರ ನಾಲ್ಕು ಪಟ್ಟು 600, ಅಲ್ಲೂ ಅದರ ನಾಯ್ಸ್ ಕೇಳಿಸುತ್ತದೆ. ಹಳೆಯ ರೇಡಿಯೋ ಇದ್ದರೆ ಆಕಾಶವಾಣಿ ಬೆಂಗಳೂರಿನ 612ರ ಆಸುಪಾಸಿಗೆ ಇಟ್ಟು, ಟೇಬಲ್ ಮೇಲಿನ ಬೋರ್ಡಿನ ಹತ್ತಿರ ಹಿಡಿಯಿರಿ. ಗುಯ್ ಅನ್ನುವುದು ಎಲ್ಲಿ ಜಾಸ್ತಿಯೋ ಅಲ್ಲಿದೆ ನಾಯ್ಸ್. ಎಲ್‌ಟಿಸ್ಪೈಸ್‌ನ ಎಫ್‌ಎಫ್‌ಟಿಯಲ್ಲೂ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟಿದೆ ಅಂತ ತೋರಿಸುವ ಚಿತ್ರ) ಇದೇ ಫ್ರೀಕ್ವೆನ್ಸಿಗಳಲ್ಲಿ ಗೆರೆಗಳು ಕಾಣಬೇಕು. ನೋಡುವಾಗ ವೇವ್‌ಫಾರ್ಮ್ ಕಂಪ್ರೆಷನ್ ಆಫ್ ಮಾಡಿ, ಇಲ್ಲದಿದ್ದರೆ ಇಲ್ಲದ ನಾಯ್ಸ್ ತೋರಿಸುತ್ತದೆ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ರೇಡಿಯೋ) ಸುಮಾರು 24 ಮೆಗಾಹರ್ಟ್ಸ್‌ನಿಂದ ಮೇಲೆ ಕೆಲಸಕ್ಕೆ ಬರುತ್ತದೆ, ಕೆಳಗಿನದಕ್ಕೆ ರೇಡಿಯೋನೇ ಸಾಕು. ಆದರೆ 415 ಇರುವ ಡಬ್ಬ ತೆರೆದಿಟ್ಟು ಯಾವ ವೈರನ್ನೂ ಒಳಗೆ ಇಳಿಸಬೇಡಿ.

ತೇವದ ಸೆನ್ಸರ್ ವೈರು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿದ್ದರೆ ಬೇರೆ ಮಾಡಿ.

ಕಿಕ್ಯಾಡ್‌ನ ಕೆಳಗಿನ ಪದರದ ಚಿತ್ರ ಮತ್ತು ಕಾಯಿಲ್ ಮೇಲೆ ಬರೆದಿರುವ ವೋಲ್ಟೇಜ್, ವಿಎ ಇಲ್ಲೇ ಹಾಕಿ. ಭಾನುವಾರ ಕೂತು ನಿಮ್ಮದನ್ನೇ ಎಲ್‌ಟಿಸ್ಪೈಸ್‌ನಲ್ಲಿ ಬರೆದು ಫೈಲ್ ಕಳಿಸುತ್ತೇನೆ.