ಮಕ್ಕಳ ಪುಸ್ತಕದ ಸಂಪಾದನೆ ಎಂದರೆ ಕಠಿಣ ಪದಗಳನ್ನು ತೆಗೆಯುವುದೇ?

ಆರೇಳು ವರ್ಷದ ಮಕ್ಕಳಿಗೊಂದು ಚಿತ್ರಪುಸ್ತಕವನ್ನೂ ಹದಿಹರೆಯದವರಿಗೊಂದು ಕಾದಂಬರಿಯನ್ನೂ ಬರೆದಿದ್ದೀರಿ. ಪ್ರಕಾಶಕರಿಗೆ ಕಳುಹಿಸುವ ಮುನ್ನ ಕಠಿಣ ಪದಗಳನ್ನೆಲ್ಲ ತೆಗೆಯಬೇಕೆ, ಸಂಪಾದಕರು ಇಂಥ ಪುಸ್ತಕಗಳಲ್ಲಿ ಮಾಡುವ ಕೆಲಸವಾದರೂ ಏನು ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಮಕ್ಕಳ ಹಸ್ತಪ್ರತಿಗಳನ್ನು ತಿದ್ದಿಕೊಂಡೇ ಬಂದವನಾದ್ದರಿಂದ ನನ್ನ ಅನುಭವದ ಮಿತಿಯಲ್ಲಿ ಉತ್ತರಿಸುತ್ತೇನೆ.

ಪದಗಳ ಬಗ್ಗೆ ನೀವು ಅಷ್ಟೊಂದು ಚಿಂತಿಸಬೇಕಾಗಿಲ್ಲ. ಗೊತ್ತಿಲ್ಲದ ಪದವೊಂದು ಕಿವಿಗೆ ಇಂಪಾಗಿದ್ದು, ಸಂದರ್ಭದಿಂದ ಅದರ ಅರ್ಥ ಅರ್ಧದಷ್ಟಾದರೂ ಹೊಳೆಯುವಂತಿದ್ದರೆ ಮಕ್ಕಳು ಅದನ್ನು ಆಟಿಕೆಯಂತೆ ಎತ್ತಿಕೊಂಡು ಹೋಗುತ್ತಾರೆ. ನಾನು ಹಸ್ತಪ್ರತಿಯಲ್ಲಿ ಹುಡುಕುವುದು ಮಗುವಿನ ಬೆನ್ನ ಹಿಂದೆ ನಿಂತು ಮಾತಾಡುವ ದೊಡ್ಡವರನ್ನು. ಹುಡುಗನೊಬ್ಬ ಹೂಕುಂಡ ಒಡೆದು, ಚೂರುಗಳನ್ನು ಹಾಸಿಗೆಯಡಿ ಬಚ್ಚಿಟ್ಟು, ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗ್ಗೆ ತಾನಾಗಿ ಚೂರುಗಳನ್ನು ಹೊರತಂದ ಮೇಲೆ, ‘ಅಂದಿನಿಂದ ಅವನು ಎಂದೂ ಸುಳ್ಳು ಹೇಳಲಿಲ್ಲ’ ಎಂಬ ಸಾಲು ಯಾರ ಸಮಾಧಾನಕ್ಕೆ? ಮಗುವಿಗಂತೂ ಅದು ನಂಬುವ ಮಾತಲ್ಲ. ಇಂಥ ಸಾಲನ್ನು ಹೊಡೆದುಹಾಕುವಾಗ ಲೇಖಕರಿಗೆ ಬೇಸರವಾಗುವುದುಂಟು, ಆದರೆ ಮುದ್ರಿತ ಪ್ರತಿ ಕೈಗೆ ಬಂದ ಮೇಲೆ ಅದು ಬೇಕಿತ್ತೆಂದು ಯಾರೂ ನನ್ನನ್ನು ಕೇಳಿಲ್ಲ.

ಚಿತ್ರಪುಸ್ತಕದಲ್ಲಿ ಇನ್ನೊಂದು ಬಗೆಯ ಕತ್ತರಿ ಆಡುತ್ತದೆ. ‘ಕೆಂಪು ಅಂಗಿಯ ಹುಡುಗಿ ಅಳುತ್ತಾ ಮೆಟ್ಟಿಲ ಮೇಲೆ ಕುಳಿತಳು. ಅವಳು ಆ ದಿನ ಯಾರೊಂದಿಗೂ ಮಾತಾಡಲಿಲ್ಲ’ ಎಂದು ನೀವು ಬರೆದಿದ್ದೀರೆನ್ನಿ. ಕೆಂಪು ಅಂಗಿ, ಮೆಟ್ಟಿಲು, ಅಳು ಮೂರನ್ನೂ ಕಲಾವಿದರು ತೋರಿಸುತ್ತಾರೆ. ‘ಆ ದಿನ’ ಎಂಬ ಕಾಲಾವಧಿಯನ್ನು ಮಾತ್ರ ಒಂದು ಚಿತ್ರದಿಂದ ತೋರಿಸಲಾಗದು. ಆದ್ದರಿಂದ ಮೊದಲ ವಾಕ್ಯ ಹೋಗುತ್ತದೆ, ಎರಡನೆಯದು ಉಳಿಯುತ್ತದೆ. ಅಮೆರಿಕದ ಲೇಖಕ, ಕಲಾವಿದ ಮಾರಿಸ್ ಸೆಂಡಾಕ್ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ 1963ರಲ್ಲಿ ಪ್ರಕಟವಾದ ಪುಸ್ತಕ. ಅದರ ಕಥೆಯ ಪಠ್ಯ 350 ಪದಗಳಿಗಿಂತ ಕಡಿಮೆ, ಕಥೆ ಗದ್ದಲದ ತುದಿ ಮುಟ್ಟಿದ ಮೂರು ಜೋಡಿಪುಟಗಳಲ್ಲಿ (ಎದುರುಬದುರಾದ ಎರಡು ಪುಟ ಸೇರಿ ಒಂದು ಜೋಡಿಪುಟ) ಒಂದಕ್ಷರವೂ ಇಲ್ಲ. ಲೇಖಕರು ಮೌನವಾಗಬೇಕಾದ ಜಾಗ ಯಾವುದೆಂಬುದನ್ನು ಕಲಿಯಲು ನಾನು ಇಂದಿಗೂ ಅದನ್ನು ತೆರೆದು ನೋಡುತ್ತೇನೆ.

ಇನ್ನು ಪುಟಗಳ ವಿಚಾರ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿದಾಗ ಹದಿನಾರು ಪುಟಗಳ ಒಂದು ಫಾರಂ ಆಗುತ್ತದೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಗಳಿರುವುದು ಅಂಥ ಎರಡು ಫಾರಂಗಳ ಲೆಕ್ಕದಿಂದ. ಶೀರ್ಷಿಕೆ, ಹಕ್ಕುಸ್ವಾಮ್ಯದ ವಿವರ ಮುಂತಾದವುಗಳನ್ನು ಕಳೆದರೆ ಕಥೆಗೆ ದಕ್ಕುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟ. ಪುಟ ತಿರುವುವುದೇ ಇಲ್ಲಿ ಕಥೆ ಹೇಳುವ ಉಪಾಯವಾದ್ದರಿಂದ ಕುತೂಹಲ ಬಲಪುಟದಲ್ಲಿ ಹುಟ್ಟಬೇಕು, ಉತ್ತರ ಅದರ ಬೆನ್ನಿಗಿರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೊನೆಯಲ್ಲಿ ಖಾಲಿ ಉಳಿದಿದ್ದ ಒಂದು ಪುಟವನ್ನು ಮುಂದಕ್ಕೆ ತಂದು ಅರ್ಪಣೆಗೆ ಬಿಟ್ಟುಕೊಟ್ಟೆ. 15ನೆಯ ಪುಟದಲ್ಲಿದ್ದ ‘ಅಲಮಾರಿನ ಹಿಂದೆ ಏನೋ ಪರಚುತ್ತಿದೆ’ ಎಂಬ ಸಾಲು 16ಕ್ಕೆ ಸರಿಯಿತು. ತಿರುವಿದ ಮೇಲಷ್ಟೇ ಕಾಣಬೇಕಿದ್ದ ಬೆಕ್ಕಿನಮರಿ 17ರಲ್ಲಿ, ಅದರ ಎದುರಿಗೇ ಬಂದು ಕುಳಿತಿತು. ಕರಡನ್ನು ಪರದೆಯ ಮೇಲೆ ಬಿಡಿಬಿಡಿ ಪುಟಗಳಾಗಿ ನೋಡುತ್ತಾ ಅಕ್ಷರದೋಷ ಹುಡುಕುತ್ತಿದ್ದ ನನಗೆ ಅದು ತಿಳಿಯಲೇ ಇಲ್ಲ. ಅಚ್ಚಾಗಿ ಬಂದ ಪುಸ್ತಕವನ್ನು ಓದಿ ಹೇಳುವಾಗ ಮಕ್ಕಳು ನಾನು ಬಾಯಿ ತೆರೆಯುವ ಮೊದಲೇ ಬೆಕ್ಕಿನತ್ತ ಬೆರಳು ಮಾಡಿದರು. ಆಮೇಲೆ ನಾನು ಹಾಳೆಗಳನ್ನು ಮಡಚಿ ಹೊಲಿದ ಡಮ್ಮಿಯನ್ನು ಕೈಯಲ್ಲಿ ತಿರುವಿ ನೋಡದೆ ಯಾವುದನ್ನೂ ಅಚ್ಚಿಗೆ ಕಳುಹಿಸಿಲ್ಲ. ನೀವೂ ಒಂದು ಡಮ್ಮಿ ಮಾಡಿಕೊಂಡು ಗಟ್ಟಿಯಾಗಿ ಓದಿ ನೋಡಿ. ಉಸಿರು ಎಲ್ಲಿ ಸಾಲದೆ ಹೋಗುತ್ತದೆಯೋ ಅಲ್ಲಿ ವಾಕ್ಯ ಉದ್ದವಾಗಿದೆ ಎಂದರ್ಥ.

ಕಾದಂಬರಿಯ ಕಥೆ ಬೇರೆ. ಚಿಕ್ಕವರ ಪುಸ್ತಕವನ್ನು ಆರಿಸಿ ಕೊಳ್ಳುವವರು ಹೆಚ್ಚಾಗಿ ಹೆತ್ತವರು, ಶಿಕ್ಷಕರು, ಗ್ರಂಥಪಾಲಕರು. ಹದಿನೈದರ ಓದುಗರು ತಾವೇ ಆರಿಸಿಕೊಳ್ಳುತ್ತಾರೆ, ಇಷ್ಟವಾಗದಿದ್ದರೆ ಹತ್ತನೆಯ ಪುಟಕ್ಕೇ ಮುಚ್ಚಿಡುತ್ತಾರೆ. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಬಗ್ಗೆ ಓದಲು ಬಯಸುವುದರಿಂದ ನಾಯಕಿಯ ವಯಸ್ಸನ್ನು ಆ ಲೆಕ್ಕದಲ್ಲೇ ಇಡಿ. ಹದಿನಾರರ ಹುಡುಗಿ ಹೇಳುತ್ತಿರುವ ಕಥೆಯಲ್ಲಿ ನಲವತ್ತರ ವಿವೇಕ ಇಣುಕಿದ ಕಡೆಯಲ್ಲೆಲ್ಲ ನಾನು ಅಂಚಿನಲ್ಲಿ ‘ಇದು ಯಾರ ಮಾತು?’ ಎಂದು ಬರೆಯುತ್ತೇನೆ. ಈಗ ಚಾಲ್ತಿಯಲ್ಲಿರುವ ಪಡ್ಡೆ ಮಾತುಗಳನ್ನು ಮಿತವಾಗಿ ಬಳಸಿ, ಪುಸ್ತಕ ಹೊರಬರುವಷ್ಟರಲ್ಲಿ ಅವು ಹಳಸಿರುತ್ತವೆ. ಸಾವು, ಹಿಂಸೆ, ದೇಹದ ಗೊಂದಲ ಯಾವುದನ್ನೂ ಬಿಡಬೇಕಾಗಿಲ್ಲ. ಆದರೆ ಪಾತ್ರವೊಂದು ತನ್ನನ್ನು ತಾನು ಗಾಯಗೊಳಿಸಿಕೊಳ್ಳುವ ಪ್ರಸಂಗವಿದ್ದರೆ ಅದರ ವಿಧಾನವನ್ನು ವಿವರಿಸದೆ ನೋವನ್ನಷ್ಟೇ ಬರೆಯಬೇಕೆಂಬುದು ನಾನು ಸಡಿಲಿಸದ ನಿಯಮ.

ಕಳುಹಿಸುವ ಕ್ರಮದ ಬಗ್ಗೆ ಎರಡು ಮಾತು. ಕಲಾವಿದರನ್ನು ನೀವೇ ಗೊತ್ತುಮಾಡಿ ಹಣ ಕೊಡಬೇಡಿ, ಸಾಮಾನ್ಯವಾಗಿ ಆ ಆಯ್ಕೆ ಪ್ರಕಾಶಕರದು. ಚಿತ್ರಪುಸ್ತಕದ ರಾಯಲ್ಟಿಯನ್ನು, ಅಂದರೆ ಮಾರಾಟದಿಂದ ಸಿಗುವ ಪಾಲನ್ನು, ಲೇಖಕರೂ ಕಲಾವಿದರೂ ಹಂಚಿಕೊಳ್ಳುವುದೇ ರೂಢಿ. ಒಪ್ಪಂದದಲ್ಲಿ ಅನುವಾದ, ಶ್ರಾವ್ಯ ಮತ್ತು ದೃಶ್ಯರೂಪದ ಹಕ್ಕುಗಳು ಯಾರಲ್ಲಿ ಉಳಿಯುತ್ತವೆ, ಪುಸ್ತಕ ಮಾರುಕಟ್ಟೆಯಲ್ಲಿ ಇಲ್ಲವಾದಾಗ ಅವು ನಿಮಗೆ ಮರಳುತ್ತವೆಯೇ ಎಂಬುದನ್ನು ಸಹಿಗೆ ಮುನ್ನ ಓದಿಕೊಳ್ಳಿ. ಹಸ್ತಪ್ರತಿಯಲ್ಲಿ ಪ್ರತಿ ಪುಟಕ್ಕೂ ಚಿತ್ರದ ಸೂಚನೆ ಬರೆಯಬೇಡಿ. ಮಾತು ಒಂದು ಹೇಳಿ ಚಿತ್ರ ಅದಕ್ಕೆ ವಿರುದ್ಧವಾದುದನ್ನು ತೋರಿಸಬೇಕಾದ ಕಡೆ ಮಾತ್ರ, ಉದಾಹರಣೆಗೆ ‘ನನಗೇನೂ ಭಯವಿಲ್ಲ’ ಎನ್ನುವ ಹುಡುಗಿ ಮಂಚದ ಕೆಳಗಿರುವಲ್ಲಿ, ಒಂದು ಸಾಲಿನ ಟಿಪ್ಪಣಿ ಸಾಕು.