ಹಾಸ್ಯ ಪಾರ್ಟಿನವರನ್ನು ಅಳಿಸಿಯೇ ಕಳಿಸಬೇಕೇ?

ಸೇಡಂ ತಾಲ್ಲೂಕಿನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಬೆಂಗಳೂರಾಗಿರೋ ಮಗಳು ಹೇಳ್ಯಾಳಂತ ಅಮೆರಿಕದ ಇಬ್ಬರು ಹಾಸ್ಯ ನಟಿಯರ ಪಾಡ್‌ಕಾಸ್ಟ್ ಕೇಳಿದೆ. ಎಮಿ ಪೋಲರ್, ಟೀನಾ ಫೇ ಅಂತ. ಇಂಗ್ಲಿಷು ಅರ್ಧ ತಿಳೀತು, ಅರ್ಧ ಇಲ್ಲ. ಸುದ್ದಿ ಇಲ್ಲ, ಜಗಳ ಇಲ್ಲ, ಇಬ್ಬರು ಹಳೇ ಗೆಳತ್ಯಾರು ಕುಂತು ನಕ್ಕೋತ ಮಾತಾಡ್ಯಾರ, ಅಷ್ಟೇ. ಆದರೂ ಬಸ್ಸು ಕಲಬುರಗಿ ಮುಟ್ಟಿದ್ದು ಗೊತ್ತಾಗಲಿಲ್ಲ. ನಮ್ಮ ಕಡೆ ಹಾಸ್ಯ ಪಾರ್ಟು ಮಾಡೋ ಹೆಣ್ಣುಮಕ್ಕಳನ್ನ ಮಾತಿಗೆ ಕರೆದರ ಅಳಿಸಿಯೇ ಕಳಸ್ತಾರ. ಯಾಕ್ರೀ?"

ಅಕ್ಕೋರೇ, ನಿಮ್ಮ ಪ್ರಶ್ನೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೂ ಮುಂಚೆ "ಅಷ್ಟೇ" ಅಂದಿರಲ್ಲ, ಅದನ್ನು ಒಪ್ಪಲಾರೆ.

ಆ ಇಬ್ಬರು ಮೊದಲು ಕೂಡಿದ್ದು 1993ರಲ್ಲಿ, ಶಿಕಾಗೊದ ಒಂದು ರಂಗಶಾಲೆಯಲ್ಲಿ. ಬರೆದಿಟ್ಟ ಮಾತಿಲ್ಲದೆ, ನಿಂತಲ್ಲೇ ಆಟ ಕಟ್ಟುವುದನ್ನು ಕಲಿಸುವ ಜಾಗ ಅದು. ಆ ವಿದ್ಯೆಯ ಮೊದಲ ಪಾಠವೆಂದರೆ, ಎದುರಿನವರು ಏನೇ ಅಂದರೂ ಅಲ್ಲಗಳೆಯಬಾರದು. ಹೌದೆಂದು ಒಪ್ಪಿ, ಅದರ ಮೇಲೆ ನಿಮ್ಮದೊಂದು ಮಾತು ಸೇರಿಸಬೇಕು. ಎದುರಿನವರು ನಿಮ್ಮನ್ನು "ಡಾಕ್ಟರೇ" ಎಂದು ಕರೆದರೆ ಮುಗಿಯಿತು, ಆ ಕ್ಷಣಕ್ಕೆ ನೀವು ಡಾಕ್ಟರು. ಟೀನಾ 1997ರಲ್ಲಿ 'ಸ್ಯಾಟರ್ಡೆ ನೈಟ್ ಲೈವ್' ಎಂಬ ಟಿ.ವಿ. ಕಾರ್ಯಕ್ರಮಕ್ಕೆ ಬರೆಯಲು ಸೇರಿ, 1999ರಲ್ಲಿ ಅದರ ಮುಖ್ಯ ಬರಹಗಾರ್ತಿಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು ಅವರೇ. ಎಮಿ ಬಂದದ್ದು 2001ರಲ್ಲಿ. 2004ರಿಂದ 2006ರವರೆಗೆ ಅಲ್ಲಿನ ಅಣಕು ವಾರ್ತೆಯನ್ನು ಇಬ್ಬರೂ ಒಂದೇ ಮೇಜಿನ ಹಿಂದೆ ಕೂತು ಓದಿದರು. ಇಬ್ಬರು ಹೆಂಗಸರ ಜೋಡಿ ಅಲ್ಲಿ ಕೂತದ್ದು ಅದೇ ಮೊದಲು. ಮುಂದೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭವನ್ನು ನಾಲ್ಕು ಸಲ ಜೊತೆಯಾಗಿ ನಡೆಸಿಕೊಟ್ಟರು. ನಾಲ್ಕನೆಯದು 2021ರಲ್ಲಿ, ಕೋವಿಡ್ ಕಾಲ. ಟೀನಾ ನ್ಯೂಯಾರ್ಕಿನಲ್ಲಿ, ಎಮಿ ಲಾಸ್ ಏಂಜಲೀಸ್ ಕಡೆ, ಪರದೆಯಲ್ಲಿ ಅಕ್ಕಪಕ್ಕ. ಟೀನಾ ತಮ್ಮ ಅರ್ಧದಿಂದ ಕೈ ಚಾಚಿದರೆ ಎಮಿಯ ಅರ್ಧದಲ್ಲಿ ಒಂದು ಕೈ ಬಂದು ಕೂದಲು ಸವರಿತು. ಆ ನಗೆ ಹುಟ್ಟಬೇಕಾದರೆ ಒಬ್ಬರ ಉಸಿರಿನ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಬೇಕು.

2025ರ ಮಾರ್ಚಿನಲ್ಲಿ ಎಮಿ 'ಗುಡ್ ಹ್ಯಾಂಗ್' ಪಾಡ್‌ಕಾಸ್ಟ್ ಶುರು ಮಾಡಿದಾಗ ಮೊದಲ ಅತಿಥಿಯಾಗಿ ಕರೆದದ್ದು ಟೀನಾ ಅವರನ್ನೇ. ಅಲ್ಲಿಯ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ಅತಿಥಿ ಜೊತೆ ಮಾತಿಗೆ ಕೂಡುವ ಮುಂಚೆ, ಅವರನ್ನು ಬಲ್ಲವರ ಹತ್ತಿರ ಮಾತಾಡಿ, ಏನು ಕೇಳಲಿ ಎಂದು ಪ್ರಶ್ನೆ ಇಸಿದುಕೊಳ್ಳುತ್ತಾರೆ. ನೀವು ಬಸ್ಸಿನಲ್ಲಿ ಮೈಮರೆತು ಕೇಳಿದ್ದು ಅದಕ್ಕೇ ಇರಬೇಕು. ಅಲ್ಲಿ ಪ್ರಶ್ನೆ ಹುಟ್ಟುವುದು ಕೆಲಸ ಬಲ್ಲವರಿಂದ.

ಈಗ ನಮ್ಮ ಕಡೆಗೆ ಬರೋಣ. ಜಾತ್ರೆ ಬಂತೆಂದರೆ ಹಳ್ಳಿಯ ಹುಡುಗರು ನಾಟಕ ಹಚ್ಚುತ್ತಾರೆ. ಗಂಡು ಪಾರ್ಟು ಊರವರದು, ಹೆಣ್ಣು ಪಾರ್ಟಿಗೆ ಹೊರಗಿನ ಕಲಾವಿದೆಯರು. ಪಾಂಪ್ಲೆಟಿನಲ್ಲಿ ಅವರ ಹೆಸರಿನ ಜೊತೆ ಇಳಕಲ್ಲ, ಗುಳೇದಗುಡ್ಡ, ಬಾಗಲಕೋಟೆ ಅಂತ ಊರಿನ ಹೆಸರೂ ಇರುತ್ತದೆ. ಹೀರೋಯಿನ್ ಫೋಟೊ ದೊಡ್ಡದು, ಹಾಸ್ಯ ಪಾರ್ಟಿನವರದು ಮೂಲೆಯಲ್ಲಿ. ಮಧ್ಯಾಹ್ನದ ಬಸ್ಸಿಗೆ ಬಂದು, ಪೇಟಿ ಮಾಸ್ತರರ ಜೊತೆ ಹಾಡಿನ ಸ್ವರ ಹಿಡಿದು, ಬೆಳತನಕ ಕುಣಿದು, ಮೊದಲ ಬಸ್ಸಿಗೆ ಮತ್ತೊಂದು ಊರು.

ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಂಥ ಇಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಬಣ್ಣ ಹಚ್ಚಿಕೊಳ್ಳಲು ಶಾಲೆಯ ಒಂದು ಕೋಣೆ. ಒಬ್ಬರು ಇನ್ನೊಬ್ಬರ ಸೆರಗಿಗೆ ಪಿನ್ನು ಚುಚ್ಚುತ್ತ, "ನೀ ಕಿವುಡಿ ಆಗು. ನಾ ಎರಡು ಸಲ ಕೂಗತೀನಿ, ತಿರುಗಬ್ಯಾಡ. ಮೂರನೇದಕ್ಕ ಕೂಗೂದಿಲ್ಲ, ಆಗ ತಿರುಗು" ಅಂದರು. ರಾತ್ರಿ ಗೌಡನ ಪಾರ್ಟಿನ ಹುಡುಗ ನಡುವೆ ಮಾತು ಮರೆತು ನಿಂತುಬಿಟ್ಟ. ಪ್ರಾಂಪ್ಟರ್ ಕೂಗಿದರೂ ಕೇಳಿಸುತ್ತಿಲ್ಲ. ಒಬ್ಬರು "ಯಾಕ್ರೀ ಗೌಡ್ರ, ನಾಲಿಗಿ ಮನ್ಯಾಗ ಬಿಟ್ಟು ಬಂದ್ರೇನು?" ಅಂದರು. ಕಿವುಡಿ ತಟ್ಟನೆ, "ನಿಂದರ್ರಿ, ಗೌಡಶಾನಿ ಕಡೆ ಹೋಗಿ ಇಸ್ಕೊಂಡು ಬರ್ತೀನಿ. ಅಕಿ ಕೊಡ್ತಾಳೋ ಇಲ್ಲೋ!" ಅಂತ ಹೊರಟೇಬಿಟ್ಟರು. ಜನ ನಕ್ಕು ಮುಗಿಸುವುದರಲ್ಲಿ ಹುಡುಗನಿಗೆ ಮಾತು ನೆನಪಾಗಿತ್ತು. ಆಯೇರಿ, ಅಂದರೆ ನೋಡುವ ಜನ ಕೊಟ್ಟ ಕಾಣಿಕೆ, ಕೂಗುವ ಮೈಕಿನವನು ಆಟ ನಿಲ್ಲಿಸಿದಾಗಲೆಲ್ಲ ಆ ತಡೆಯನ್ನೂ ನಗೆಗೆ ತಿರುಗಿಸಿಕೊಂಡರು. ಇದಾವುದೂ ನಾಟಕದ ಪುಸ್ತಕದಲ್ಲಿ ಇರಲಿಲ್ಲ. ಶಿಕಾಗೊದ ಶಾಲೆಯ ಪಾಠ ನಮ್ಮ ಅಟ್ಟದ ಮೇಲೆ ನಡೆದೇ ಇದೆ.

ಇಂಥವರ ಮುಂದೆ ಮೈಕು ಹಿಡಿದಾಗ ಕೇಳುವುದೇನು? ಗಂಡ ಏನಂದ, ಊರವರು ಏನಂದರು, ಮಕ್ಕಳನ್ನು ಹೆಂಗ ಸಾಕಿದಿರಿ. ಕಣ್ಣಲ್ಲಿ ನೀರಾಡಿದ ಕೂಡಲೇ ಕ್ಯಾಮೆರಾ ಹತ್ತಿರ ಬರುತ್ತದೆ. ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಮೂರನೆಯ ಸಲ ಯಾಕೆ ಕೂಗಬಾರದು ಎಂದು ಕೇಳಿದವರುಂಟೇ? ಗಂಡು ಹಾಸ್ಯಗಾರರಿಗೆ ಅವರ ಕಲೆಯ ಬಗ್ಗೆ ಪ್ರಶ್ನೆ, ಹೆಣ್ಣುಮಕ್ಕಳಿಗೆ ಅವರ ಸಂಸಾರದ ಬಗ್ಗೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಉಮಾಶ್ರೀ ಅವರನ್ನೇ ನೋಡಿ. ರಂಗದ ಮೇಲೆ 'ಒಡಲಾಳ'ದ ಸಾಕವ್ವ, ಸಿನಿಮಾದಲ್ಲಿ ಎನ್.ಎಸ್. ರಾವ್ ಜೊತೆ ನಗೆಯ ಜೋಡಿ, ಆಮೇಲೆ 'ಗುಲಾಬಿ ಟಾಕೀಸ್'ಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ. ಪ್ರಶಸ್ತಿ ಬಂದಾಗ ಅನೇಕರು ಆ ಹಾಸ್ಯ ಪಾತ್ರಗಳನ್ನು ದಾಟಿ ಬಂದ ಕೆಸರಿನಂತೆ ನೋಡಿದರು. ದ್ವಂದ್ವಾರ್ಥದ ಮಾತುಗಳನ್ನು ಬರೆದುಕೊಟ್ಟವರು ಬೇರೆ. ಸಿಕ್ಕಷ್ಟರಲ್ಲಿ ಎಲ್ಲಿ ತಡೆದು, ಎಲ್ಲಿ ಬಿಟ್ಟು ನಗಿಸಬೇಕೆಂದು ಹದ ಹಿಡಿದವರು ಅವರು. ಅದೇ ಹದ ಮುಂದೆ ಗುಲಾಬಿಯ ಪಾತ್ರದಲ್ಲೂ ಕೆಲಸ ಮಾಡಿದೆ ಎಂದು ನಾನು ನಂಬಿದ್ದೇನೆ.

ಒಂದು ಎಚ್ಚರವೂ ಬೇಕು. ಗೆಳತಿಯರು ಕೂತರೆ ಹೊಗಳಿಕೆ ಜಾಸ್ತಿ, ಬಿರುಸಿನ ಮಾತು ಕಮ್ಮಿ. ಹೆಸರು ಮಾಡಿದವರಿಗೆ ಅದು ನಡೆದೀತು. ನಮ್ಮ ಕಲಾವಿದೆಯರ ವಿಷಯದಲ್ಲಿ ರೊಕ್ಕದ ಮಾತು ಬಿಟ್ಟರೆ ಮಾತೇ ಅರ್ಧ. ರಾತ್ರಿಗೆ ಎಷ್ಟು ಮಾತಾಗಿತ್ತು, ಕೈಗೆ ಎಷ್ಟು ಬಂತು, ಆಯೇರಿಯಲ್ಲಿ ಪಾಲು ಯಾರಿಗೆ, ಬೇಡವೆಂದರೂ ಹೊಲಸು ಮಾತು ಆಡಿಸಿದವರನ್ನು ಹೆಂಗ ತಡೆದಿರಿ. ಇದನ್ನು ನಾನು ಕೇಳಿದರೆ ತಡವರಿಸಿಯಾರು. ಜೊತೆಗೆ ಬಸ್ಸು ಕಾದ ಗೆಳತಿ ಕೇಳಿದರೆ ಲೆಕ್ಕ ಸಮೇತ ಹೇಳುತ್ತಾರೆ.

ಹಾಗಾಗಿ ಅಕ್ಕೋರೇ, ನಿಮ್ಮ ಪತ್ರದಿಂದ ಒಂದು ಕೆಲಸ ಶುರುವಾಗಲಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಊರುಗಳಲ್ಲಿ ಆಡಿದ ಹಾಸ್ಯ ಕಲಾವಿದೆಯರನ್ನು ಜೋಡಿಯಾಗಿ ಕೂರಿಸಿ, ನಡುವೆ ನಾವ್ಯಾರೂ ಕೂರದೆ, ಅವರ ಮಾತನ್ನು ರೆಕಾರ್ಡ್ ಮಾಡಿ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಅವರು ಆಡಿದ ಹಾಗೇ ಬರುತ್ತದೆ, ಪುಸ್ತಕದ ಕನ್ನಡಕ್ಕೆ ತಿದ್ದುವುದಿಲ್ಲ. ಆ ದಿನದ ಸಂಭಾವನೆ, ಬಸ್ ಚಾರ್ಜು ಪತ್ರಿಕೆಯದು. ಅಚ್ಚಿಗೆ ಹೋಗುವ ಮುಂಚೆ ಇಬ್ಬರಿಗೂ ಓದಿ ತೋರಿಸಿ, ಬೇಡವೆಂದದ್ದನ್ನು ತೆಗೆಯುತ್ತೇವೆ. ಇಂಥ ಗೆಳತಿಯರು ಗೊತ್ತಿದ್ದವರು ಮೊದಲು ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಪತ್ರದಲ್ಲಿ, ನೀವು ಅವರನ್ನು ಯಾವ ಪಾರ್ಟಿನಲ್ಲಿ ನೋಡಿ ನಕ್ಕಿದ್ದಿರಿ ಎಂಬುದೂ ಇರಲಿ. ಮಾತು ಅಲ್ಲಿಂದಲೇ ಶುರು ಮಾಡಲು ಹೇಳುತ್ತೇವೆ.

— ಸಂಪಾದಕ