ಶಂಕರ್‌ನಾಗ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಕಾಲೇಜು ಓದುವ ಮಕ್ಕಳಿಗೆ ಶಂಕರ್‌ನಾಗ್ ಅಭಿನಯ ತೋರಿಸಬೇಕು. ಮೊದಲು ಯಾವ ಚಿತ್ರ?
— ಓದುಗರು, ದಾವಣಗೆರೆ

ಉತ್ತರ: ‘ಮಿಂಚಿನ ಓಟ’ (1980). ನಿರ್ದೇಶನವೂ ಅವರದೇ, ಅಣ್ಣ ಅನಂತ್‌ನಾಗ್ ಜೊತೆಗಿದ್ದಾರೆ. ಜೈಲಿನಿಂದ ತಪ್ಪಿಸಿಕೊಳ್ಳುವ ಕಥೆಯಾದ್ದರಿಂದ ಹುಡುಗರು ಎದ್ದುಹೋಗುವುದಿಲ್ಲ. ಆಮೇಲೆ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978). ಇದನ್ನೇ ಮೊದಲು ಹಾಕಿದರೆ ನಿಧಾನ ಅನ್ನಿಸಿ ಕೈಬಿಡುತ್ತಾರೆ. ಮಾತಿಗಿಂತ ಶಂಕರ್‌ನಾಗ್ ಮಾಡಿದ ಗಂಡುಗಲಿ ಪಾತ್ರದ ನಡಿಗೆ, ಕಣ್ಣು, ಕತ್ತಿ ಹಿಡಿಯುವ ರೀತಿ ಗಮನಿಸಲು ಹೇಳಿ. ಅವರು ನಟಿಸಿದ ಮೊದಲ ಚಿತ್ರದಲ್ಲೇ ಎಂಥ ಹಿಡಿತ! ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದದ್ದೂ ಇದೇ ಪಾತ್ರ. ‘ಆಕ್ಸಿಡೆಂಟ್’ ಮೂರನೆಯದಾಗಲಿ.

1990ರ ಸೆಪ್ಟೆಂಬರ್ 30ರಂದು ನಿಮ್ಮ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಇಷ್ಟೆಲ್ಲ ಕೆಲಸ ನಡೆದದ್ದು ಹನ್ನೆರಡೇ ವರ್ಷಗಳಲ್ಲಿ ಎಂಬುದನ್ನೂ ಮಕ್ಕಳಿಗೆ ತಿಳಿಸಿ.